ಹೆಬ್ಬೆಟ್ಟು ಒತ್ತುವ ಮೊದಲು

ತಿಪಟೂರು ಸೀಮೆಯಲ್ಲಿ 37 ವರ್ಷ ಪತ್ರ ಬರೆದವನು ನಾನು. ಜನ ‘ಬಾಂಡ್ ರೈಟ್ರು’ ಅನ್ನುತ್ತಾರೆ. ನೋಂದಣಿ ಕಚೇರಿ ಎದುರಿಗೆ ಒಂದು ಮೇಜು, ಗಿರಾಕಿಗಳಿಗೆ ಎರಡು ಬೆಂಚು. ಮೊದಲು ಕೈಬರಹ, ಆಮೇಲೆ ಟೈಪ್‌ರೈಟರ್, ಕೊನೆಗೆ ಕಂಪ್ಯೂಟರ್. ಕ್ರಯ, ಭೋಗ್ಯ, ವಿಭಾಗ, ಹಕ್ಕುಬಿಡುಗಡೆ, ದಾನ, ಉಯಿಲು ಎಲ್ಲವನ್ನೂ ಬರೆದಿದ್ದೇನೆ. ಪತ್ರದ ಕೊನೆಗೆ ‘ಬಿಕ್ಕಲಂ’ ಎಂದು ಬರೆದು ಅದರ ಮುಂದೆ ಸಹಿ ಹಾಕುತ್ತಿದ್ದವನು ನಾನೇ.

ದಾನಪತ್ರಕ್ಕೊಂದು ಸಿದ್ಧ ಸಾಲಿದೆ. ‘ನಿನ್ನ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾವ ಪ್ರತಿಫಲಾಪೇಕ್ಷೆಯೂ ಇಲ್ಲದೆ, ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಇಚ್ಛೆಯಿಂದ ಬರೆದುಕೊಟ್ಟ ದಾನಪತ್ರ.’ ನಿದ್ದೆಗಣ್ಣಲ್ಲೂ ಬರೆಯಬಲ್ಲೆ. ಕೇಳುವುದಕ್ಕೂ ಚೆನ್ನಾಗಿದೆ. ಒಬ್ಬ ಅಜ್ಜಿಯ ಬಾಳಿನಲ್ಲಿ ಇದೇ ಸಾಲು ಏನು ಮಾಡಿತು ಎಂಬುದನ್ನು ಹೇಳಲಿಕ್ಕೆ ಕೂತಿದ್ದೇನೆ.

2014ರಲ್ಲಿ ಆಕೆಯನ್ನು ಸಣ್ಣ ಮಗ ಕರೆದುಕೊಂಡು ಬಂದ. ವಯಸ್ಸು 70 ದಾಟಿತ್ತು. 1 ಎಕರೆ 30 ಗುಂಟೆ ತೆಂಗಿನ ತೋಟ, ಅವಳ ಅಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟಿದ್ದು, ಪಹಣಿಯಲ್ಲಿ ಅವಳದೇ ಹೆಸರು. ‘ಮಗನ ಹೆಸರಿಗೆ ಮಾಡಿಕೊಡೋದು ಒಪ್ಪಿಗೇನಾ ಅಮ್ಮ?’ ಎಂದು ಕೇಳಿದೆ. ‘ಒಪ್ಪಿಗೇನೇ, ಬರೀರಿ ಸಾರ್’ ಅಂದವನು ಮಗ. ಅಜ್ಜಿ ಎಲೆ ಅಡಿಕೆ ಚೀಲದ ದಾರ ಬಿಚ್ಚುತ್ತಿದ್ದಳು. ಅವತ್ತು ಇನ್ನೂ ಮೂರು ಪತ್ರ ಬಾಕಿ ಇದ್ದವು. ನಾಲ್ಕು ಪುಟ ಬರೆದೆ, ಚಕ್ಕುಬಂದಿ ಸರಿ ನೋಡಿದೆ, ಆಕೆ ಹೆಬ್ಬೆಟ್ಟು ಒತ್ತಿದಳು.

ಎರಡೂವರೆ ವರ್ಷ ಕಳೆದ ಮೇಲೆ ಒಬ್ಬಳೇ ಬಂದಳು. ಸೀರೆಯ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಆ ಪತ್ರದ ಜೆರಾಕ್ಸ್. ಬೆಂಚಿನ ಮೇಲೆ ಕೂತು ಅದನ್ನು ನನ್ನ ಮುಂದೆ ಇಟ್ಟಳು.

‘ಇದ್ರಲ್ಲಿ ನಂಗೆ ಅನ್ನ ಹಾಕ್ಬೇಕು ಅಂತ ಎಲ್ಲಿ ಬರ್ದಿದ್ದೀಯಪ್ಪ? ಅಷ್ಟನ್ನ ಓದು. ಅವ್ನಿಗೆ ತೋರಿಸ್ತೀನಿ.’

ನಾಲ್ಕೂ ಪುಟ ಓದಿದೆ. ಓದುವ ಅಗತ್ಯ ಇರಲಿಲ್ಲ, ಬರೆದವನು ನಾನೇ. ಆದರೂ ಓದಿದೆ, ಆಕೆ ನನ್ನ ಬೆರಳನ್ನೇ ನೋಡುತ್ತಿದ್ದಳು. ಅನ್ನದ ಮಾತು ಎಲ್ಲೂ ಇರಲಿಲ್ಲ. ಪ್ರತಿಫಲಾಪೇಕ್ಷೆ ಇಲ್ಲದೆ ಎಂಬ ಮಾತಿತ್ತು.

‘ಹೊಡೀತಾನಾ?’ ಅಂತ ಕೇಳಿದೆ.

‘ಛೇ, ಬಡಿದಿಲ್ಲ ಕಣಪ್ಪ. ಮಾತಾಡ್ಸಲ್ಲ, ಅಷ್ಟೇ. ಮಂಚ ತೆಗ್ದು ಕೊಬ್ರಿ ಅಟ್ಟದ ಕೆಳಗೆ ಹಾಕವ್ರೆ. ತಟ್ಟೆ ಬಾಗಿಲಲ್ಲಿ ಇಟ್ಟು ಹೋಗ್ತಾರೆ.’

ದೌರ್ಜನ್ಯ ಎಂಬುದು ಪೊಲೀಸರ ಮಾತು, ಪತ್ರಿಕೆಯ ಮಾತು. ನಮ್ಮ ಹಿರಿಯರ ಬಾಯಲ್ಲಿ ಅದು ಬರುವುದಿಲ್ಲ. ‘ಸರಿಯಾಗಿ ನೋಡ್ಕೊಳಲ್ಲ’ ಅನ್ನುತ್ತಾರೆ, ‘ನಮ್ಮ ಹಣೆಬರಹ’ ಅನ್ನುತ್ತಾರೆ. ಪೆಟ್ಟು ಬಿದ್ದರೆ ಮಾತ್ರ ಅದು ತಪ್ಪು, ಉಳಿದದ್ದೆಲ್ಲ ಸಂಸಾರ ಎಂಬ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಬೇರೆ. ಹೊಡೆಯುವುದು, ಹೀಯಾಳಿಸಿ ಹೆದರಿಸುವುದು, ಹಣ ಆಸ್ತಿ ಲಪಟಾಯಿಸುವುದು, ಲೈಂಗಿಕ ಹಿಂಸೆ, ಅನ್ನ ಔಷಧಿ ಕೊಡದೆ ಕೈಬಿಡುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಹಾಗೆ ಎಣಿಸಿದರೆ ಜಗತ್ತಿನಲ್ಲಿ 60 ದಾಟಿದ ಆರು ಜನರಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಇಂಥದ್ದೇನಾದರೂ ಅನುಭವಿಸಿರುತ್ತಾರಂತೆ. ಇದರ ಅರಿವಿಗೆಂದೇ ಪ್ರತಿ ವರ್ಷ ಜೂನ್ 15ನ್ನು ಮೀಸಲಿಟ್ಟಿದ್ದಾರೆ. ನನ್ನ ಎರಡು ಬೆಂಚುಗಳ ಮೇಲೆ ದಿನಕ್ಕೆ ಆರು ಜನ ವಯಸ್ಸಾದವರು ಕೂರುವುದು ಸಾಮಾನ್ಯವಾಗಿತ್ತು. ಅವರಲ್ಲಿ ಆ ಒಬ್ಬರು ಯಾರು ಎಂದು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಮೇಲೆ ನೋಡಲು ಕಲಿತೆ. ಕೆಲವು ಗುರುತುಗಳನ್ನು ಹೇಳುತ್ತೇನೆ. ಇವು ವೈದ್ಯರ ಪಟ್ಟಿಯಲ್ಲ, ಮೇಜಿನ ಈಚೆ ಕೂತವನಿಗೆ ಕಂಡದ್ದು.

ಮೊದಲನೆಯದು, ಉತ್ತರ ಯಾರು ಕೊಡುತ್ತಾರೆ ಎಂಬುದು. ‘ನಿಮ್ಮ ಹೆಸರೇನು ಯಜಮಾನ್ರೆ?’ ಎಂದರೆ ಪಕ್ಕದವನು ಹೇಳುತ್ತಾನೆ. ಊರು, ವಯಸ್ಸು, ಎಷ್ಟು ಮಕ್ಕಳು, ಎಲ್ಲಕ್ಕೂ ಅವನದೇ ಉತ್ತರ. ಕಿವಿ ಮಂದವಾದ ಹಿರಿಯರ ಪರವಾಗಿ ಮಗ ಮಾತಾಡುವುದುಂಟು, ಅದು ಬೇರೆ. ಅಲ್ಲಿ ಮಗ ಅಪ್ಪನ ಕಿವಿಗೆ ಬಾಗಿ ಪ್ರಶ್ನೆಯನ್ನು ಮತ್ತೆ ಕೇಳುತ್ತಾನೆ. ಇಲ್ಲಿ ಕೇಳುವುದೇ ಇಲ್ಲ.

ಎರಡನೆಯದು, ಆಧಾರ್ ಕಾರ್ಡು, ಪಾಸ್‌ಬುಕ್ಕು, ಫೋನು ಯಾರ ಜೇಬಿನಿಂದ ಹೊರಬರುತ್ತವೆ ಎಂಬುದು. ‘ನಿಮ್ಮ ಫೋನ್ ನಂಬರ್?’ ಎಂದರೆ ಮೊಮ್ಮಗನ ನಂಬರು. ಬ್ಯಾಂಕಿನ ಸಂದೇಶವೆಲ್ಲ ಅವನಿಗೇ ಹೋಗುತ್ತದೆ. ಖಾತೆಯಲ್ಲಿ ಎಷ್ಟಿದೆ ಎಂಬುದು ಖಾತೆದಾರರಿಗೇ ಗೊತ್ತಿರುವುದಿಲ್ಲ.

ಮೂರನೆಯದು ದೇಹ. ಉದ್ದ ಬೆಳೆದ ಉಗುರು, ಗಂಟುಗಟ್ಟಿದ ತಲೆ, ಅಳತೆಗೆ ಕೂರದ ಹಲ್ಲಿನ ಸೆಟ್ಟು, ಒಡೆದು ದಾರ ಸುತ್ತಿದ ಕನ್ನಡಕ. ‘ಬಚ್ಚಲಲ್ಲಿ ಜಾರಿದ್ರು’ ಎಂಬ ವಿವರಣೆ. ಬಚ್ಚಲಲ್ಲಿ ಜಾರುವುದೂ ನಿಜವೇ. ಆದರೆ ಎರಡು ತೋಳಿನ ಮೇಲೂ ಒಂದೇ ಎತ್ತರದಲ್ಲಿ ಬೆರಳಿನ ಅಗಲದ ಕಂದು ಗುರುತು ಇದ್ದರೆ ಅನುಮಾನ ಪಡಬೇಕು. ಮನೆಯಲ್ಲಿ ಇದ್ದಕ್ಕಿದ್ದಂತೆ ಸದಾ ತೂಕಡಿಸುವ ಹಿರಿಯರಿಗೆ ಯಾವ ಮಾತ್ರೆ, ಎಷ್ಟು ಕೊಡುತ್ತಿದ್ದಾರೆ ಎಂದು ಕೇಳಬೇಕು. ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು, ಹೊರಳಿಸಿ ಮಲಗಿಸುವವರಿಲ್ಲ ಎಂಬುದರ ಗುರುತಾಗಿರಬಹುದು.

ನಾಲ್ಕನೆಯದು ಅವಸರ. ‘ಇವತ್ತೇ ಆಗ್ಬೇಕು, ನಮ್ಮಣ್ಣಂಗೆ ಗೊತ್ತಾಗೋದು ಬೇಡ’ ಎಂದು ಬಂದವರ ಪತ್ರವನ್ನು ನಾನು ಕೊನೆಕೊನೆಗೆ ಮುಂದಿನ ವಾರಕ್ಕೆ ಹಾಕುತ್ತಿದ್ದೆ. ಕರೆಂಟಿಲ್ಲ, ಸರ್ವರ್ ಡೌನ್, ಏನಾದರೂ ಒಂದು ನೆಪ. ಹಾಗೆ ಮುಂದಕ್ಕೆ ಹಾಕಿದವುಗಳಲ್ಲಿ ಕೆಲವು ವಾಪಸ್ ಬರಲೇ ಇಲ್ಲ. ನನಗೆ ಫೀಸು ಹೋಯಿತು, ಬೇಸರವಿಲ್ಲ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಹಿರಿಯರು ಇದೊಂದನ್ನು ಗಟ್ಟಿಯಾಗಿ ತಿಳಿದುಕೊಂಡರೆ ಅರ್ಧ ಪಾಲು ಕಷ್ಟ ತಪ್ಪುತ್ತದೆ.

ಉಯಿಲು ಬೇರೆ, ದಾನಪತ್ರ ಬೇರೆ. ಉಯಿಲು ನೀವು ಸತ್ತ ಮೇಲೆ ಜೀವ ಪಡೆಯುವ ಕಾಗದ. ನೀವು ಬದುಕಿರುವಷ್ಟು ದಿನ ಆಸ್ತಿ ನಿಮ್ಮದೇ. ಮನಸ್ಸು ಬದಲಾದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ದಾನಪತ್ರ ನೋಂದಣಿಯಾದರೆ ಆಸ್ತಿ ಆಗಲೇ ಕೈಬಿಟ್ಟಂತೆ. ನಾಳೆಯಿಂದ ನೀವು ಆ ಮನೆಯಲ್ಲಿ ಇರುವುದು ಇನ್ನೊಬ್ಬರ ದಾಕ್ಷಿಣ್ಯದ ಮೇಲೆ. ನಮ್ಮ ರಾಜ್ಯದಲ್ಲಿ ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕ ಕಡಿಮೆ. ಅದಕ್ಕೇ ‘ಈಗಲೇ ಮಾಡಿಬಿಡಿ, ಖರ್ಚು ಉಳಿಯುತ್ತೆ’ ಎಂದು ಮಕ್ಕಳೂ ಹೇಳುತ್ತಾರೆ, ನನ್ನಂಥ ಬರಹಗಾರರೂ ಹೇಳಿದ್ದೇವೆ. ನನ್ನ ಸ್ವಂತ ಮನೆಯ ವಿಷಯದಲ್ಲಿ ನಾನು ಬರೆದಿಟ್ಟಿರುವುದು ಉಯಿಲು. ಇದರಿಂದಲೇ ಅರ್ಥ ಮಾಡಿಕೊಳ್ಳಿ.

ದಾನವೇ ಕೊಡಬೇಕು ಎಂದಿದ್ದರೆ ಒಂದು ರಕ್ಷಣೆ ಇದೆ. 2007ರ ‘ತಂದೆ ತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ’ಯ 23ನೇ ಕಲಂ. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಆಸ್ತಿ ಪಡೆದು ಆಮೇಲೆ ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ಮೋಸದಿಂದಲೋ ಬಲವಂತದಿಂದಲೋ ಆದದ್ದೆಂದು ಎಣಿಸಿ ರದ್ದು ಮಾಡಬಹುದು ಎನ್ನುತ್ತದೆ ಅದು. ‘ಷರತ್ತು’ ಎಂಬ ಆ ಒಂದು ಶಬ್ದದ ಮೇಲೆ ಎಲ್ಲ ನಿಂತಿದೆ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಅಂಥ ಷರತ್ತು ಇತ್ತು ಎಂಬುದು ಸಾಬೀತಾಗಬೇಕು, ಪ್ರೀತಿ ವಿಶ್ವಾಸದಿಂದ ಕೊಟ್ಟದ್ದರಲ್ಲಿ ಷರತ್ತು ತಾನಾಗಿ ಅಡಗಿರುತ್ತದೆ ಎಂದುಕೊಳ್ಳಲಾಗದು ಎಂದಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಓದಬೇಕು ಎಂದು ಹೇಳಿ, ದಾನವನ್ನು ರದ್ದುಮಾಡಿ ಸ್ವತ್ತನ್ನು ತಾಯಿಯ ವಶಕ್ಕೆ ಕೊಡಿಸಿತು. ಅಲ್ಲಿ ತಾಯಿಯ ಕೈಯಲ್ಲಿ, ನೋಡಿಕೊಳ್ಳುತ್ತೇನೆ ಎಂದು ಮಗ ಬರೆದುಕೊಟ್ಟ ವಚನಪತ್ರ ಇತ್ತು. ಕಾಗದ ಇದ್ದವಳು ಗೆದ್ದಳು.

ಹಾಗಾಗಿ ಈ ಸಾಲುಗಳನ್ನು ಬೇಕಾದರೆ ಕತ್ತರಿಸಿ ಇಟ್ಟುಕೊಳ್ಳಿ: ‘ದಾನ ಪಡೆದವರು ನನ್ನ ಜೀವಮಾನ ಪರ್ಯಂತ ನನಗೆ ಊಟ, ಬಟ್ಟೆ, ವಸತಿ ಮತ್ತು ಔಷಧೋಪಚಾರಗಳನ್ನು ಒದಗಿಸತಕ್ಕದ್ದು. ತಪ್ಪಿದಲ್ಲಿ ಈ ದಾನಪತ್ರವನ್ನು ರದ್ದುಪಡಿಸಿಕೊಳ್ಳುವ ಹಕ್ಕು ನನಗಿರುತ್ತದೆ.’ ಇನ್ನೊಂದನ್ನೂ ಸೇರಿಸಬಹುದು: ಬದುಕಿರುವವರೆಗೆ ಆ ಮನೆಯಲ್ಲಿ ವಾಸಿಸುವ, ತೋಟದ ಫಸಲು ಅನುಭವಿಸುವ ಹಕ್ಕು ನನಗೇ ಇರತಕ್ಕದ್ದು ಎಂದು. ಬರೆಯಲು ಐದು ನಿಮಿಷ. ಬರೆಯುವವನು ‘ಇದೆಲ್ಲ ಬೇಕಾಗಲ್ಲ’ ಎಂದರೆ ಬೇರೆ ಮೇಜಿಗೆ ಹೋಗಿ.

ಪತ್ರ ಏನೆಂದು ತಿಳಿಯದೆ ಹೆಬ್ಬೆಟ್ಟು ಒತ್ತುವವರು ಇನ್ನೂ ಇದ್ದಾರೆ. ಪಿಂಚಣಿ ಅರ್ಜಿ ಎಂದು ಕರೆತಂದು ಹಕ್ಕುಬಿಡುಗಡೆಗೆ ಸಹಿ ಹಾಕಿಸುವುದನ್ನು, ಓಡಾಡಲು ಆಗುವುದಿಲ್ಲವಲ್ಲ ಎಂದು ಜಿಪಿಎ, ಅಂದರೆ ಅಧಿಕಾರ ಪತ್ರ, ಬರೆಸಿಕೊಂಡು ಅದರ ಮೇಲೆ ಸ್ವತ್ತು ಮಾರುವುದನ್ನು ನಾನು ಕಂಡಿದ್ದೇನೆ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ನಿಮ್ಮನ್ನು ಕರೆತಂದವರ ಹೊರತು ಬೇರೆ ಯಾರಾದರೂ ಪೂರ್ತಿ ಓದಿ ಹೇಳಲಿ. ಒಂದು ನಕಲು ನಿಮ್ಮ ಬಳಿ, ಇನ್ನೊಂದು ನಂಬಿಕಸ್ಥ ನೆಂಟರ ಬಳಿ ಇರಲಿ. ನೋಂದಣಿ ಅಧಿಕಾರಿ ‘ಬರೆದುಕೊಟ್ಟಿದ್ದು ಹೌದಾ?’ ಎಂದು ನಿಮ್ಮನ್ನೇ ಕೇಳಬೇಕು, ಅದು ಅವರ ಕೆಲಸ. ಅಲ್ಲಿ ‘ಇಲ್ಲ’ ಎಂದರೆ ಪತ್ರ ಅಲ್ಲಿಗೇ ನಿಲ್ಲುತ್ತದೆ. ಆ ಒಂದು ಪ್ರಶ್ನೆಗಾದರೂ ಉತ್ತರ ನಿಮ್ಮ ಬಾಯಿಂದಲೇ ಬರಲಿ.

ಆಸ್ತಿ ಇಲ್ಲದವರಿಗೂ ಕಳೆದುಕೊಳ್ಳಲು ಇದೆ. ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿ ಮೊಮ್ಮಗನ ಮೊಬೈಲ್ ರೀಚಾರ್ಜಿಗೆ ಹೋಗುತ್ತದೆ. ರೇಷನ್ ಕಾರ್ಡಿನಲ್ಲಿ ಅತ್ತೆಯೇ ಯಜಮಾನಿ ಎಂಬ ಕಾರಣಕ್ಕೆ ಗೃಹಲಕ್ಷ್ಮಿಯ 2,000 ಅವಳ ಖಾತೆಗೆ ಬಂದು, ಎಟಿಎಂ ಕಾರ್ಡು ಇನ್ನೊಬ್ಬರ ಕೈಯಲ್ಲಿರುತ್ತದೆ. ಊರಿಗೆ ಬರುವ ಹೆಬ್ಬೆಟ್ಟಿನ ಮಿಷನ್ನಿಗೆ ಬೆರಳು ಕೊಟ್ಟಾಗಲೆಲ್ಲ ಚೀಟಿ ಕೇಳಿ. ‘ಸರಿಯಾಗಿ ಬೀಳ್ಲಿಲ್ಲ, ಇನ್ನೊಂದ್ಸಲ ಇಡಿ’ ಎಂದರೆ ಎರಡು ಸಲ ಹಣ ತೆಗೆದಿಲ್ಲ ಎಂದು ಪಾಸ್‌ಬುಕ್ಕಿನಲ್ಲಿ ನೋಡಿಸಿ. ತಿಂಗಳಿಗೊಮ್ಮೆ ಬ್ಯಾಂಕಿಗೆ ನೀವೇ ಹೋಗಿ ಎಂಟ್ರಿ ಹಾಕಿಸುವುದು ಒಳ್ಳೆಯ ಅಭ್ಯಾಸ, ನಾಲ್ಕು ಜನರ ಮುಖವೂ ಕಂಡಂತಾಗುತ್ತದೆ.

ಮಕ್ಕಳು ದೂರದೂರಲ್ಲಿದ್ದು ಒಂಟಿಯಾಗಿರುವ ಹಿರಿಯರಿಗೆ ಅಪಾಯ ಫೋನಿನಿಂದ ಬರುತ್ತದೆ. ಪೊಲೀಸ್ ಸಮವಸ್ತ್ರ ಹಾಕಿ ವಿಡಿಯೋ ಕಾಲ್ ಮಾಡಿ, ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಅನ್ನುತ್ತಾರೆ. ನಮ್ಮ ದೇಶದ ಯಾವ ಕಾನೂನಿನಲ್ಲೂ ಅಂಥ ಬಂಧನ ಇಲ್ಲ. ಫೋನು ಇಟ್ಟುಬಿಡಿ. ಹಣ ಹೋಗಿಯೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಅಜ್ಜಿಯ ಕಥೆ ಅರ್ಧಕ್ಕೆ ನಿಂತಿತಲ್ಲ. ಅವತ್ತು ನಾನೇ ಅರ್ಜಿ ಬರೆದೆ, ಫೀಸು ತೆಗೆದುಕೊಳ್ಳಲಿಲ್ಲ. ಮೇಲೆ ಹೇಳಿದ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿ, ಅಂದರೆ ನಮ್ಮ ಜನ ಹೇಳುವ ‘ಎಸಿ ಸಾಹೇಬ್ರು’ ನ್ಯಾಯಮಂಡಳಿಯ ಅಧ್ಯಕ್ಷರು. 60 ದಾಟಿದ ಯಾರೇ ಆಗಲಿ, ತಮ್ಮನ್ನು ತಾವು ಪೋಷಿಸಿಕೊಳ್ಳಲು ಆಗದಿದ್ದರೆ ಅರ್ಜಿ ಹಾಕಬಹುದು. ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳು ಎಲ್ಲರ ಮೇಲೂ ಹೊಣೆ ಇದೆ. ಮಕ್ಕಳಿಲ್ಲದವರು, ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ನೆಂಟರನ್ನು ಕೇಳಬಹುದು. ಸ್ವತಃ ಬರಲಾಗದಿದ್ದರೆ ನಂಬಿದ ಬೇರೊಬ್ಬರು ಅಥವಾ ಒಂದು ಸಂಸ್ಥೆ ಪರವಾಗಿ ಹಾಕಬಹುದು. ನೋಟಿಸು ಮುಟ್ಟಿದ 90 ದಿನದಲ್ಲಿ ಇತ್ಯರ್ಥವಾಗಬೇಕು ಎಂದು ಕಾನೂನು ಹೇಳುತ್ತದೆ. ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಜೀವನಾಂಶ. ತೀರ್ಪು ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಜಿಲ್ಲಾಧಿಕಾರಿಗಳ ಮುಂದೆ ಮೇಲ್ಮನವಿ. ನೋಡಿಕೊಳ್ಳಬೇಕಾದವರು ಹಿರಿಯರನ್ನು ಎಲ್ಲೋ ಬಿಟ್ಟುಹೋದರೆ 24ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು, 5,000ದವರೆಗೆ ದಂಡ, ಅಥವಾ ಎರಡೂ.

ಅರ್ಜಿಗೆ ಭಾರೀ ಭಾಷೆ ಬೇಡ. ವಯಸ್ಸಿನ ದಾಖಲೆ, ಪತ್ರದ ನಕಲು, ಪಹಣಿ, ಇಸಿ (ಋಣಭಾರ ಪ್ರಮಾಣಪತ್ರ) ಲಗತ್ತಿಸಿ. ಏನಾಯಿತು ಎಂಬುದನ್ನು ದಿನಾಂಕದ ಸಮೇತ ಬರೆಯಿರಿ. ‘ಕಷ್ಟ ಕೊಡುತ್ತಾರೆ’ ಎಂಬುದಕ್ಕಿಂತ ‘ಇಂಥ ಹಬ್ಬದ ಮಾರನೇ ದಿನ ಮಂಚವನ್ನು ಅಟ್ಟದ ಕೆಳಗೆ ಹಾಕಿದರು’ ಎಂಬುದು ಗಟ್ಟಿ. ಪೆಟ್ಟಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಹೇಗಾಯಿತು ಎಂಬ ನಿಜವನ್ನು ವೈದ್ಯರಿಗೆ ಹೇಳಿ, ಚೀಟಿ ಇಟ್ಟುಕೊಳ್ಳಿ.

ಕಚೇರಿವರೆಗೆ ಹೋಗಲಾಗದವರಿಗೆ ಮೂರು ನಂಬರು, ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. 14567 ಹಿರಿಯರ ಸಹಾಯವಾಣಿ, ಕರೆಗೆ ಕಾಸಿಲ್ಲ. 15100 ಉಚಿತ ಕಾನೂನು ನೆರವಿಗೆ. ಈಗಲೇ ಜೀವಕ್ಕೆ ಅಪಾಯವಿದ್ದರೆ 112. ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಕೌಟುಂಬಿಕ ದೌರ್ಜನ್ಯ ತಡೆಯ 2005ರ ಕಾಯ್ದೆ ಸೊಸೆಯಂದಿರಿಗೆ ಮಾತ್ರ ಎಂದು ತಿಳಿದವರು ಹೆಚ್ಚು. ಒಂದೇ ಸೂರಿನ ಕೆಳಗಿರುವ ತಾಯಿಯೂ ಮಗನ ಮೇಲೆ ಅದರಡಿ ದೂರು ಕೊಡಬಹುದು.

ಅಜ್ಜಿಗೆ ತಿಂಗಳಿಗೆ 3,000 ಕೊಡುವಂತೆ ಆದೇಶವಾಯಿತು. ತೋಟ ವಾಪಸ್ ಬರಲಿಲ್ಲ. ಪತ್ರದಲ್ಲಿ ಷರತ್ತೇ ಇಲ್ಲವಲ್ಲ ಎಂಬ ಮಗನ ಕಡೆಯವರ ಮಾತಿಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಮಾತು ಹೇಳುವಾಗ ಅವರು ಓದಿದ್ದು ನನ್ನ ಸಾಲನ್ನೇ. ಮಗ ರಾಕ್ಷಸನೇನಲ್ಲ. ಸಾಲ ಮಾಡಿ ಬೋರು ಕೊರೆಸಿದ್ದ, ನೀರು ಬಿದ್ದಿರಲಿಲ್ಲ. ಆ ಸಿಟ್ಟು ಮನೆಯಲ್ಲಿ ಎಲ್ಲಕ್ಕಿಂತ ಮೆತ್ತಗಿದ್ದ ಜೀವದ ಮೇಲೆ ತಿರುಗಿತ್ತು. ಅರ್ಜಿ ಹಾಕುವ ಮುಂಚೆ ಅಜ್ಜಿ ಎರಡು ಸಲ ಎದ್ದು ಹೋಗಿದ್ದಳು. ‘ಊರವರು ಏನಂದಾರು, ಹೆತ್ತ ಮಗನ ಮೇಲೆ ಕೋರ್ಟಿಗೆ ಹೋದ್ಳು ಅನ್ನಲ್ವಾ?’ ಅಂತ. ಮೂರನೇ ಸಲ ಪಕ್ಕದ ಮನೆ ಹೆಂಗಸು ಜೊತೆಗೆ ಬಂದಳು. ಬಾಗಿಲಲ್ಲಿಟ್ಟ ತಟ್ಟೆಯನ್ನು ದಿನಾ ನೋಡಿದ್ದವಳು ಅವಳೇ. ಅಂಥ ಒಬ್ಬರು ಜೊತೆಗಿಲ್ಲದೆ ಹೆಬ್ಬಾಗಿಲು ದಾಟಿದ ಹಿರಿಯರನ್ನು ನಾನು ಕಂಡದ್ದು ಕಡಿಮೆ.

ಆಮೇಲಿಂದ ನನ್ನ ಮೇಜಿಗೊಂದು ನಿಯಮ ಬಂತು. ವಯಸ್ಸಾದವರು ಬರೆದುಕೊಡುವ ಪತ್ರವಾದರೆ, ಬರೆಸಿಕೊಳ್ಳುವವರಿಗೆ ‘ಹೋಗಿ ಒಂದು ಟೀ ಕುಡಿದು ಬನ್ನಿ’ ಅನ್ನುತ್ತಿದ್ದೆ. ಕೆಲವರಿಗೆ ಸಿಟ್ಟು ಬರುತ್ತಿತ್ತು. ಟೀ ಕುಡಿದು ಬರುವಷ್ಟರಲ್ಲಿ ಹಿರಿಯರಿಗೆ ನಾಲ್ಕೇ ಪ್ರಶ್ನೆ. ಇದು ಏನು ಪತ್ರ ಗೊತ್ತಾ? ಬರೆದ ಮೇಲೆ ಎಲ್ಲಿರ್ತೀರಿ? ಊಟ ಯಾರು ಹಾಕ್ತಾರೆ? ಬೇಡ ಅಂದ್ರೆ ಮನೇಲಿ ಏನಾಗುತ್ತೆ? ಕೊನೆಯ ಪ್ರಶ್ನೆಗೆ ಕೆಲವರು ಮಾತಾಡುವುದಿಲ್ಲ, ಬಾಗಿಲ ಕಡೆ ನೋಡುತ್ತಾರೆ. ಅಂಥ ಪತ್ರ ನಾನು ಬರೆಯಲಿಲ್ಲ.

ಮೇಜು ಬಿಡುವ ವರ್ಷ ಒಬ್ಬ ಯಜಮಾನರು ಬಂದರು, ಮಗನ ಜೊತೆ. ಮಗನನ್ನು ಟೀಗೆ ಕಳಿಸಿ ಪ್ರಶ್ನೆ ಕೇಳಿದೆ. ಎಲ್ಲಕ್ಕೂ ಸಲೀಸಾಗಿ ಉತ್ತರ ಕೊಟ್ಟರು. ಷರತ್ತಿನ ಸಾಲು ಓದಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ ಮಗ ಒಳ್ಳೇವ್ನೇ ಸ್ವಾಮಿ. ಆದ್ರೂ ಇರ್ಲಿ ಬಿಡಿ’ ಅಂದರು.

ಮಗ ವಾಪಸ್ ಬಂದು ಕರಡು ಓದಿದ. ಆ ಸಾಲಿಗೆ ಬಂದಾಗ ನಿಂತ. ಕೋಪ ಬಂತೇನೋ ಅಂದುಕೊಂಡೆ.

‘ಔಷಧೋಪಚಾರ ಅಂತ ಮಾತ್ರ ಇದೆ ಸಾರ್. ಅಪ್ಪಂಗೆ ಎಡಗಣ್ಣಿನ ಆಪರೇಷನ್ ಆಗ್ಬೇಕು, ಅದನ್ನೂ ಹೆಸರು ಹಿಡಿದು ಬರ್ದುಬಿಡಿ’ ಅಂದ.

ಬರೆದೆ.